ಚಂಡಮಾರುತದ ಗೆರೆ ನಮ್ಮ ಊರಿನ ಮೇಲೆ ಇಲ್ಲ ಅಂದ್ರೆ ಧೈರ್ಯವಾಗಿ ಇರಬಹುದಾ?

ಓದುಗರ ಪ್ರಶ್ನೆ: ಚಂಡಮಾರುತ ಬರ್ತಾ ಇದೆ ಅಂದಾಗಲೆಲ್ಲ ನಕ್ಷೆಯ ಮೇಲೆ ಒಂದು ಗೆರೆ ತೋರಿಸುತ್ತಾರೆ. ಆ ಗೆರೆ ಬೆಳಿಗ್ಗೆ ಒಂದು ಕಡೆ ಇದ್ದರೆ ಸಂಜೆ ಇನ್ನೊಂದು ಕಡೆ ಇರುತ್ತದೆ. ಯಾಕೆ ಹೀಗೆ? ಗೆರೆಯಿಂದ ದೂರ ಇರುವ ಊರುಗಳಿಗೂ ಹಾನಿಯಾಗುವುದು ಹೇಗೆ? ‘ತೀರಕ್ಕೆ ಬರುವಷ್ಟರಲ್ಲಿ ದುರ್ಬಲವಾಯಿತು’ ಅಂತ ಸುದ್ದಿ ಬಂದ ಮೇಲೂ ಕೆಲವು ಸಲ ಅಷ್ಟೊಂದು ಜನ ಸಾಯುತ್ತಾರಲ್ಲ, ಅದು ಯಾಕೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಜನ ಜಾಸ್ತಿ ಮೋಸ ಹೋಗುವುದು ಅಲ್ಲೇ.

ನಕ್ಷೆಯಲ್ಲಿ ಕಾಣುವ ಗೆರೆ ಚಂಡಮಾರುತದ ಕೇಂದ್ರ ಸಾಗುವ ದಾರಿ ಮಾತ್ರ. ಆದರೆ ಚಂಡಮಾರುತ ಒಂದು ಚುಕ್ಕೆಯಲ್ಲ. ನೂರಾರು ಕಿಲೋಮೀಟರ್ ಅಗಲಕ್ಕೆ ಸುತ್ತುತ್ತಾ ಸಾಗುವ ಗಾಳಿ, ಮೋಡ, ಮಳೆ ಎಲ್ಲ ಸೇರಿ ಚಂಡಮಾರುತ. ಗೆರೆ ನಿಮ್ಮಿಂದ 150 ಕಿ.ಮೀ. ಆಚೆ ಇದೆ ಅಂದರೆ ಕೇಂದ್ರ ಅಷ್ಟು ದೂರದಲ್ಲಿ ಹೋಗುತ್ತದೆ, ಅಷ್ಟೇ. ಅದೇ ಹೊತ್ತಿಗೆ ನಿಮ್ಮ ಮನೆಯ ಮೇಲೆ ಬಿರುಗಾಳಿ ಬೀಸುತ್ತಿರಬಹುದು, ನಿಮ್ಮ ಬೀದಿಯಲ್ಲಿ ಸೊಂಟದವರೆಗೆ ನೀರು ನಿಂತಿರಬಹುದು.

2023ರ ಡಿಸೆಂಬರ್‌ನಲ್ಲಿ ಬಂದ ಮಿಚಾಂಗ್ ಚಂಡಮಾರುತ ಇದಕ್ಕೆ ಒಳ್ಳೆಯ ಉದಾಹರಣೆ. ಅದು ತೀರ ದಾಟಿದ್ದು ಡಿಸೆಂಬರ್ 5ರಂದು, ಆಂಧ್ರಪ್ರದೇಶದ ಬಾಪಟ್ಲ ಹತ್ತಿರ. ಆದರೆ ಅದಕ್ಕೂ ಮೊದಲೇ, 3 ಮತ್ತು 4ನೇ ತಾರೀಕು, ಚೆನ್ನೈ ನಗರ ಮುಳುಗಿತ್ತು. ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು. ಚೆನ್ನೈಗೂ ಬಾಪಟ್ಲಕ್ಕೂ ನಡುವೆ ಸುಮಾರು 300 ಕಿ.ಮೀ. ಇದೆ. ಕೇಂದ್ರ ಚೆನ್ನೈ ನೆಲವನ್ನು ಮುಟ್ಟಲೇ ಇಲ್ಲ. ಸಮುದ್ರದಲ್ಲೇ, ತೀರಕ್ಕೆ ಹತ್ತಿರದಲ್ಲಿ, ನಿಧಾನವಾಗಿ ಉತ್ತರಕ್ಕೆ ತೆವಳಿತು. ಆ ನಿಧಾನವೇ ಚೆನ್ನೈಗೆ ಮುಳುವಾಯಿತು. ಮಳೆಯ ಮೋಡಗಳ ಪಟ್ಟಿ ಗಂಟೆಗಟ್ಟಲೆ ಒಂದೇ ನಗರದ ಮೇಲೆ ನಿಂತುಬಿಟ್ಟಿತು. ಗೆರೆಯನ್ನೊಂದೇ ನೋಡಿದವರಿಗೆ ಬಾಪಟ್ಲ ಕಂಡಿತು, ಚೆನ್ನೈ ಕಾಣಲಿಲ್ಲ.

ಚಂಡಮಾರುತಗಳ ಗಾತ್ರದಲ್ಲೂ ಎಷ್ಟು ವ್ಯತ್ಯಾಸ ಇರುತ್ತದೆ ಅಂದರೆ, 1979ರಲ್ಲಿ ಪಶ್ಚಿಮ ಪೆಸಿಫಿಕ್ ಸಾಗರದಲ್ಲಿ ಎದ್ದ ಟಿಪ್ ತನ್ನ ಬಿರುಗಾಳಿಯನ್ನು ಸುಮಾರು 2,200 ಕಿ.ಮೀ. ಅಗಲಕ್ಕೆ ಹರಡಿಕೊಂಡಿತ್ತು. ಅದರ ಕೇಂದ್ರದಲ್ಲಿ ವಾಯುಭಾರ 870 ಹೆಕ್ಟೋಪಾಸ್ಕಲ್‌ಗೆ ಇಳಿದಿತ್ತು. ಸಮುದ್ರ ಮಟ್ಟದಲ್ಲಿ ಇಷ್ಟು ಕಡಿಮೆ ಒತ್ತಡ ಬೇರೆ ಯಾವ ಚಂಡಮಾರುತದಲ್ಲೂ ದಾಖಲಾಗಿಲ್ಲ. ಇನ್ನೊಂದು ಕಡೆ, 1974ರ ಕ್ರಿಸ್‌ಮಸ್ ದಿನ ಆಸ್ಟ್ರೇಲಿಯಾದ ಡಾರ್ವಿನ್ ನಗರವನ್ನು ನೆಲಸಮ ಮಾಡಿದ ಟ್ರೇಸಿಯ ಬಿರುಗಾಳಿ ಕೇಂದ್ರದಿಂದ ಸುಮಾರು 50 ಕಿ.ಮೀ. ಆಚೆಗೆ ಹೋಗಿರಲಿಲ್ಲ. ನಕ್ಷೆಯಲ್ಲಿ ಎರಡಕ್ಕೂ ಒಂದೇ ದಪ್ಪದ ಗೆರೆ ಎಳೆಯುತ್ತಾರೆ!

ಈಗ ಮೊದಲ ಪ್ರಶ್ನೆಗೆ ಬರೋಣ. ಗೆರೆ ಯಾಕೆ ಬದಲಾಗುತ್ತದೆ?

ಚಂಡಮಾರುತ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವುದಿಲ್ಲ. ಹರಿಯುವ ಹೊಳೆಯಲ್ಲಿ ಒಂದು ಸುಳಿ ಎದ್ದರೆ ಅದು ತಾನು ಸುತ್ತುತ್ತಲೇ ಹೊಳೆಯ ಜೊತೆ ಮುಂದೆ ಹೋಗುತ್ತದೆ, ಅಲ್ವಾ? ಇಲ್ಲೂ ಹಾಗೇ. ಇಲ್ಲಿ ಹೊಳೆ ಅಂದರೆ ಸುತ್ತಲಿನ ವಾತಾವರಣದ ದೊಡ್ಡ ಗಾಳಿ. ಅದೂ ನೆಲಮಟ್ಟದ ಗಾಳಿಯಲ್ಲ, ಕೆಲವು ಕಿಲೋಮೀಟರ್ ಮೇಲೆ ಬೀಸುವ ಗಾಳಿ. ಚಂಡಮಾರುತ ಬಲವಾದಷ್ಟೂ ಎತ್ತರಕ್ಕೆ ಬೆಳೆಯುತ್ತದೆ. ಹಾಗಾಗಿ ಇನ್ನೂ ಮೇಲಿನ ಗಾಳಿಯೂ ಅದನ್ನು ತಳ್ಳತೊಡಗುತ್ತದೆ. ದುರ್ಬಲವಾಗಿದ್ದರೆ ಕೆಳಗಿನ ಗಾಳಿಯ ಜೊತೆ ಹೋಗುತ್ತದೆ. ಈ ಎರಡು ಗಾಳಿಗಳು ಬೇರೆ ಬೇರೆ ದಿಕ್ಕಿಗೆ ಬೀಸುತ್ತಿದ್ದರೆ, ಬಲದ ಅಂದಾಜು ತಪ್ಪಿದ ಕೂಡಲೇ ದಾರಿಯ ಅಂದಾಜೂ ತಪ್ಪುತ್ತದೆ. ಇದರ ಜೊತೆಗೆ, ಭೂಮಿ ತಿರುಗುವುದರಿಂದ ಉತ್ತರ ಗೋಳಾರ್ಧದ ಚಂಡಮಾರುತಗಳಿಗೆ ವಾಯವ್ಯದ ಕಡೆ ಜಾರುವ ಸಣ್ಣ ಒಲವೂ ಇರುತ್ತದೆ.

ಬಂಗಾಳ ಕೊಲ್ಲಿಯಲ್ಲಿ ಹುಟ್ಟುವ ಹೆಚ್ಚಿನ ಚಂಡಮಾರುತಗಳು ಮೊದಲು ಪಶ್ಚಿಮಕ್ಕೋ ವಾಯವ್ಯಕ್ಕೋ ಹೊರಡುತ್ತವೆ. ಅವುಗಳ ಉತ್ತರಕ್ಕೆ ಮೇಲಿನ ವಾತಾವರಣದಲ್ಲಿ ಅಧಿಕ ಒತ್ತಡದ ಪ್ರದೇಶವೊಂದು ಇರುತ್ತದೆ. ಅದರ ದಕ್ಷಿಣದ ಅಂಚಿನ ಗಾಳಿ ಇವನ್ನು ಪಶ್ಚಿಮಕ್ಕೆ ತಳ್ಳುತ್ತದೆ. ಮುಂದೆ ಹೋಗುತ್ತಾ ಆ ಪ್ರದೇಶದ ತುದಿ ಸಿಕ್ಕಿದರೆ, ಅಥವಾ ಪಶ್ಚಿಮದಿಂದ ಬರುವ ಗಾಳಿಯ ಅಲೆಯೊಂದು ಅದನ್ನು ಒಡೆದರೆ, ಚಂಡಮಾರುತ ಉತ್ತರಕ್ಕೆ, ಆಮೇಲೆ ಈಶಾನ್ಯಕ್ಕೆ ತಿರುಗುತ್ತದೆ. ಈ ತಿರುವು ಯಾವಾಗ ಆಗುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ. ಆರು ಗಂಟೆ ಮುಂಚೆ ತಿರುಗಿದರೆ ಒಂದು ರಾಜ್ಯ, ತಡವಾಗಿ ತಿರುಗಿದರೆ ಇನ್ನೊಂದು ರಾಜ್ಯ.

2019ರ ಫೋನಿಯನ್ನು ನೆನಪಿಸಿಕೊಳ್ಳಿ. ಅದು ಏಪ್ರಿಲ್ ಕೊನೆಯ ವಾರ ಸಮಭಾಜಕ ವೃತ್ತಕ್ಕೆ ತೀರಾ ಹತ್ತಿರದಲ್ಲಿ ಹುಟ್ಟಿತು. ಮೊದಲು ವಾಯವ್ಯಕ್ಕೆ, ಶ್ರೀಲಂಕಾ ಮತ್ತು ತಮಿಳುನಾಡಿನ ಕಡೆಗೆ ಸಾಗಿತು. ಆಮೇಲೆ ಬಳಸಿಕೊಂಡು ಉತ್ತರಕ್ಕೆ ತಿರುಗಿ ಮೇ 3ರ ಬೆಳಿಗ್ಗೆ ಒಡಿಶಾದ ಪುರಿ ಹತ್ತಿರ ತೀರ ದಾಟಿತು. ಆಗ ಗಾಳಿಯ ವೇಗ ಗಂಟೆಗೆ 175ರಿಂದ 185 ಕಿ.ಮೀ. ಇತ್ತು. 2008ರ ನರ್ಗಿಸ್ ಇನ್ನೂ ವಿಚಿತ್ರ. ಮೊದಲು ವಾಯವ್ಯಕ್ಕೆ ಸಾಗುತ್ತಿದ್ದ ಅದು, ನಡುಸಮುದ್ರದಲ್ಲಿ ಪೂರ್ವಕ್ಕೆ ತಿರುಗಿ ಮ್ಯಾನ್ಮಾರ್‌ನ ಇರವಾಡಿ ಮುಖಜಭೂಮಿಗೆ ನುಗ್ಗಿತು. ಅಲ್ಲಿ ಸತ್ತವರು ಮತ್ತು ಕಾಣೆಯಾದವರು ಸೇರಿ 1,38,000ಕ್ಕೂ ಹೆಚ್ಚು. ಆ ಕಡೆಗೆ ಅಂಥ ದೊಡ್ಡ ಚಂಡಮಾರುತ ಬಂದ ನೆನಪೇ ಅಲ್ಲಿನ ಜನಕ್ಕೆ ಇರಲಿಲ್ಲ.

ಕೆಲವು ಸಲ ತಳ್ಳುವ ಗಾಳಿಯೇ ಇರುವುದಿಲ್ಲ. ಅಥವಾ ಎರಡು ಕಡೆಯಿಂದ ಸಮವಾಗಿ ತಳ್ಳುತ್ತದೆ. ಆಗ ಚಂಡಮಾರುತ ನಿಂತುಬಿಡುತ್ತದೆ, ಇಲ್ಲವೇ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. 2023ರ ಫ್ರೆಡ್ಡಿ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ವಾಯವ್ಯಕ್ಕೆ ಹುಟ್ಟಿ, ಇಡೀ ಹಿಂದೂ ಮಹಾಸಾಗರ ದಾಟಿ, ಮಡಗಾಸ್ಕರ್ ಮತ್ತು ಮೊಜಾಂಬಿಕ್‌ಗೆ ಬಡಿಯಿತು. ಮತ್ತೆ ಸಮುದ್ರಕ್ಕೆ ಇಳಿದು, ಬಲ ತುಂಬಿಕೊಂಡು, ಮೊಜಾಂಬಿಕ್‌ಗೆ ಎರಡನೇ ಸಲ ಬಂತು. ಐದು ವಾರಕ್ಕೂ ಜಾಸ್ತಿ ಬದುಕಿತ್ತು. ಇಂಥದ್ದರ ಗೆರೆಯನ್ನು ಹದಿನೈದು ದಿನ ಮುಂಚೆ ಯಾರು ತಾನೇ ಎಳೆಯಲು ಸಾಧ್ಯ?

ಹಾಗಾದರೆ ಮುನ್ಸೂಚನೆ ಸುಮ್ನೆ ಒಂದು ಊಹೆಯಾ? ಖಂಡಿತ ಅಲ್ಲ. ಉಪಗ್ರಹ, ಸಮುದ್ರದ ತೇಲುಯಂತ್ರಗಳು, ಹಡಗುಗಳು, ತೀರದ ಡಾಪ್ಲರ್ ರೇಡಾರ್‌ಗಳು ಕೊಡುವ ಮಾಹಿತಿಯನ್ನು ಕಂಪ್ಯೂಟರ್ ಮಾಡೆಲ್‌ಗಳಿಗೆ ಉಣಿಸುತ್ತಾರೆ. ಆದರೆ ಸಮುದ್ರದ ಮೇಲೆ ಅಳತೆಗಳು ಕಡಿಮೆ. ಆರಂಭದ ಮಾಹಿತಿಯಲ್ಲಿ ಸ್ವಲ್ಪ ಕೊರತೆ ಇದ್ದರೂ ಐದು ದಿನದ ನಂತರ ಅದು ದೊಡ್ಡ ವ್ಯತ್ಯಾಸವಾಗುತ್ತದೆ. ಅದಕ್ಕೇ ಒಂದೇ ಮಾಡೆಲ್ ಅನ್ನು ಆರಂಭದ ಅಂಕಿಗಳಲ್ಲಿ ಸಣ್ಣ ಸಣ್ಣ ಬದಲಾವಣೆ ಮಾಡಿ ಹಲವಾರು ಸಲ ಓಡಿಸುತ್ತಾರೆ. ಬಂದ ದಾರಿಗಳೆಲ್ಲ ಒಂದೇ ಕಡೆ ಗುಂಪಾಗಿದ್ದರೆ ಭರವಸೆ ಜಾಸ್ತಿ. ಕೈಬೆರಳು ಬಿಡಿಸಿದಂತೆ ಹರಡಿಕೊಂಡಿದ್ದರೆ ಇನ್ನೂ ಕಾಯಬೇಕು.

ನಮ್ಮ ಭಾರತೀಯ ಹವಾಮಾನ ಇಲಾಖೆಯ ಕೆಲಸ ಈ ವಿಷಯದಲ್ಲಿ ತುಂಬಾ ಸುಧಾರಿಸಿದೆ. 24 ಗಂಟೆ ಮುಂಚೆ ಹೇಳಿದ ಸ್ಥಳಕ್ಕೂ ಕೇಂದ್ರ ನಿಜವಾಗಿ ತಲುಪಿದ ಸ್ಥಳಕ್ಕೂ ಇತ್ತೀಚಿನ ವರ್ಷಗಳಲ್ಲಿ ಸರಾಸರಿ ಅಂತರ ಸುಮಾರು 75ರಿಂದ 80 ಕಿ.ಮೀ. ಮೂರು ದಿನ ಮುಂಚೆ ಹೇಳಿದ್ದಕ್ಕೆ ಸುಮಾರು 160 ಕಿ.ಮೀ. ಸಮುದ್ರದ ಅಗಾಧ ಅಳತೆಗೆ ಇದು ಬಹಳ ಸಣ್ಣ ತಪ್ಪು. ಆದರೆ ತೀರದಲ್ಲಿ ವಾಸ ಮಾಡುವವರಿಗೆ 80 ಕಿ.ಮೀ. ಅಂದರೆ ಒಂದಿಡೀ ಜಿಲ್ಲೆ.

ಈ ತಪ್ಪಿನ ಅಳತೆಯನ್ನೇ ನಕ್ಷೆಯಲ್ಲಿ ಗೆರೆಯ ಎರಡೂ ಬದಿಗೆ ಬಣ್ಣದ ಶಂಕುವಾಗಿ ತೋರಿಸುತ್ತಾರೆ. ಮುಂದೆ ಹೋದಂತೆ ಅದು ಅಗಲವಾಗುತ್ತದೆ. ಅದನ್ನು ಚಂಡಮಾರುತದ ಗಾತ್ರ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಅದು ಗಾತ್ರ ಅಲ್ಲ. ಕೇಂದ್ರ ಎಲ್ಲೆಲ್ಲಿ ಇರಬಹುದು ಅನ್ನುವುದಕ್ಕೆ ಹಾಕಿದ ಎಲ್ಲೆ. ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ ತನ್ನ ಶಂಕುವನ್ನು ಹಿಂದಿನ ಐದು ವರ್ಷಗಳ ತಪ್ಪುಗಳ ಮೇಲೆ ಕಟ್ಟುತ್ತದೆ. ಅಂಥ ತಪ್ಪುಗಳಲ್ಲಿ ಮೂರರಲ್ಲಿ ಎರಡು ಪಾಲು ಒಳಗೆ ಬರುವಷ್ಟು ಅಗಲ ಇಡುತ್ತದೆ. ಅಂದರೆ ಉಳಿದ ಒಂದು ಪಾಲಿನಷ್ಟು ಸಲ ಕೇಂದ್ರವೇ ಶಂಕುವಿನ ಹೊರಗೆ ಹೋಗಬಹುದು. ಹೀಗಿರುವಾಗ ‘ನಾವು ಶಂಕುವಿನ ಅಂಚಿನಲ್ಲಿದ್ದೇವೆ, ನಮಗೇನೂ ಆಗಲ್ಲ’ ಅನ್ನುವುದು ಅಪಾಯದ ಮಾತು.

ದಾರಿಯಷ್ಟು ಚೆನ್ನಾಗಿ ಬಲವನ್ನು ಮೊದಲೇ ಹೇಳಲು ಇನ್ನೂ ಆಗುತ್ತಿಲ್ಲ. ಚಂಡಮಾರುತಕ್ಕೆ ಬಲ ಬರುವುದು ಬೆಚ್ಚನೆಯ ಸಮುದ್ರದಿಂದ ಏಳುವ ನೀರಾವಿಯಿಂದ. ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿನ ನೀರು ಬೇಕು, ಅದು ಹತ್ತಾರು ಮೀಟರ್ ಆಳದವರೆಗೂ ಬೆಚ್ಚಗಿರಬೇಕು. ಮೇಲ್ಪದರ ಮಾತ್ರ ಬೆಚ್ಚಗಿದ್ದರೆ, ಚಂಡಮಾರುತವೇ ಸಮುದ್ರವನ್ನು ಕಲಕಿ ಅಡಿಯ ತಣ್ಣೀರನ್ನು ಮೇಲಕ್ಕೆ ತಂದು ತನ್ನ ಬಲವನ್ನು ತಾನೇ ಕಳೆದುಕೊಳ್ಳುತ್ತದೆ. ಜೊತೆಗೆ ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ವೇಗ, ದಿಕ್ಕುಗಳಲ್ಲಿ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ಚಂಡಮಾರುತದ ಮೇಲ್ಭಾಗ ಒಂದು ಕಡೆ, ಕೆಳಭಾಗ ಒಂದು ಕಡೆ ವಾಲುತ್ತದೆ. ಮುಂಗಾರಿನ ನಡುವಿನ ತಿಂಗಳುಗಳಲ್ಲಿ ನಮ್ಮ ಸಮುದ್ರಗಳಲ್ಲಿ ದೊಡ್ಡ ಚಂಡಮಾರುತಗಳು ಏಳದಿರಲು ಇದೇ ಮುಖ್ಯ ಕಾರಣ. ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಅಡ್ಡಿ ಇರುವುದಿಲ್ಲ.

ಎಲ್ಲವೂ ಕೂಡಿಬಂದರೆ ಬಲ ಏರುವ ವೇಗ ನೋಡಿ ಗಾಬರಿಯಾಗುತ್ತದೆ. 2020ರ ಮೇ 16ರ ಸಂಜೆ ಸಾಧಾರಣ ಚಂಡಮಾರುತವಾಗಿದ್ದ ಅಂಫಾನ್, 18ರ ಮಧ್ಯಾಹ್ನದ ಹೊತ್ತಿಗೆ ಸೂಪರ್ ಸೈಕ್ಲೋನ್ (ನಮ್ಮಲ್ಲಿ ಚಂಡಮಾರುತದ ಅತಿ ಮೇಲಿನ ದರ್ಜೆ) ಆಗಿತ್ತು. 1999ರ ನಂತರ ಬಂಗಾಳ ಕೊಲ್ಲಿಯಲ್ಲಿ ಅಷ್ಟು ಬಲ ಪಡೆದ ಮೊದಲನೆಯದು ಅದು. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಅಕಪುಲ್ಕೋಗೆ ಬಡಿದ ಓಟಿಸ್ ಒಂದೇ ದಿನದೊಳಗೆ ಸಾಧಾರಣ ಬಿರುಗಾಳಿಯಿಂದ 5ನೇ ದರ್ಜೆಗೆ (ಅಮೆರಿಕದ ಲೆಕ್ಕದಲ್ಲಿ ಅತಿ ಮೇಲಿನದು) ಏರಿತು. ಮಾಡೆಲ್‌ಗಳು ಅದನ್ನು ಹಿಡಿಯಲೇ ಇಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಕನ್ಯಾಕುಮಾರಿಯ ಹತ್ತಿರ ದಿಢೀರನೆ ಬಲಗೊಂಡಾಗ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಆಳ ಸಮುದ್ರದಲ್ಲಿದ್ದರು. ಮೊಬೈಲ್ ಸಿಗ್ನಲ್ ಮುಟ್ಟದ ದೂರ ಅದು. ಎಚ್ಚರಿಕೆ ಹೊರಟರೂ ಅವರನ್ನು ತಲುಪಲಿಲ್ಲ. ಆಮೇಲೆ, 2019ರಲ್ಲಿ, ಉಪಗ್ರಹದ ಮೂಲಕ ದೋಣಿಗಳಿಗೆ ಸಂದೇಶ ಮುಟ್ಟಿಸುವ ಜೆಮಿನಿ ಉಪಕರಣ ಬಂತು. ಇಂಥ ಸಾಧನ ಆಳ ಸಮುದ್ರಕ್ಕೆ ಹೋಗುವ ಪ್ರತಿ ದೋಣಿಯಲ್ಲೂ ಇರಲೇಬೇಕು ಅಂತ ನಾನು ಬಲವಾಗಿ ನಂಬುತ್ತೇನೆ. ದಡದಲ್ಲಿ ಕೂತವರಿಗೆ ಮಾತ್ರ ತಲುಪುವ ಎಚ್ಚರಿಕೆ ಅರ್ಧ ಎಚ್ಚರಿಕೆ.

ಇನ್ನು ನಿಮ್ಮ ಮೂರನೇ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸುದ್ದಿಯಲ್ಲಿ ‘ತೀವ್ರ’, ‘ಅತಿ ತೀವ್ರ’, ‘ದುರ್ಬಲ’ ಅಂತ ಕೇಳುತ್ತೀರಲ್ಲ, ಅವೆಲ್ಲ ಗಾಳಿಯ ವೇಗದ ಲೆಕ್ಕ ಮಾತ್ರ. ನಮ್ಮಲ್ಲಿ ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ ಅಂತ ಕರೆದು ಹೆಸರಿಡುತ್ತಾರೆ. ಸುಮಾರು 220 ಕಿ.ಮೀ. ದಾಟಿದರೆ ಸೂಪರ್ ಸೈಕ್ಲೋನ್. (ಒಂದೇ ಚಂಡಮಾರುತಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ವೇಗ ಕಂಡರೆ ಗೊಂದಲ ಬೇಡ. ಭಾರತದಲ್ಲಿ ಮೂರು ನಿಮಿಷದ ಸರಾಸರಿ ತೆಗೆಯುತ್ತಾರೆ, ಅಮೆರಿಕದಲ್ಲಿ ಒಂದು ನಿಮಿಷದ್ದು. ಒಂದು ನಿಮಿಷದ ಅಂಕಿ ಯಾವಾಗಲೂ ಸ್ವಲ್ಪ ಜಾಸ್ತಿ ಇರುತ್ತದೆ.) ಈ ಯಾವ ಪದವೂ ನೀರಿನ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಇತಿಹಾಸದಲ್ಲಿ ಚಂಡಮಾರುತಗಳಿಂದ ಸತ್ತವರಲ್ಲಿ ಬಹುಪಾಲು ಜನ ಸತ್ತಿದ್ದು ನೀರಿನಿಂದಲೇ.

ಆ ನೀರು ಎರಡು ಕಡೆಯಿಂದ ಬರುತ್ತದೆ. ಸಮುದ್ರದಿಂದ ಮತ್ತು ಆಕಾಶದಿಂದ.

ಸಮುದ್ರದ್ದನ್ನು ಸ್ಟಾರ್ಮ್ ಸರ್ಜ್ ಅನ್ನುತ್ತಾರೆ. ಬಿರುಗಾಳಿ ಸಮುದ್ರದ ನೀರನ್ನು ತೀರದ ಕಡೆ ತಳ್ಳುತ್ತಾ ಹೋಗಿ, ನೀರಿನ ಮಟ್ಟವನ್ನೇ ಎತ್ತರಿಸಿಬಿಡುತ್ತದೆ. ಇದು ಒಂದು ಅಲೆ ಬಂದು ಹೋಗುವುದಲ್ಲ. ಇಡೀ ಸಮುದ್ರವೇ ಕೆಲವು ಮೀಟರ್ ಮೇಲೆದ್ದು, ಗಂಟೆಗಟ್ಟಲೆ ನೆಲದ ಮೇಲೆ ನಿಲ್ಲುವುದು. ಅಲೆಗಳು ಅದರ ಮೇಲೆ ಬೇರೆ ಬಡಿಯುತ್ತವೆ. ಕೇಂದ್ರದಲ್ಲಿ ವಾಯುಭಾರ ಕಡಿಮೆ ಇರುವುದರಿಂದ ನೀರು ಉಬ್ಬುತ್ತದೆ ಅಂತ ಕೆಲವರು ಹೇಳುತ್ತಾರೆ. ಅದೂ ನಿಜ. ಆದರೆ ಒಂದು ಹೆಕ್ಟೋಪಾಸ್ಕಲ್ ಒತ್ತಡ ಇಳಿದರೆ ನೀರು ಏರುವುದು ಒಂದು ಸೆಂಟಿಮೀಟರ್ ಮಾತ್ರ. 60 ಇಳಿದರೂ ಮೊಣಕಾಲಿನ ಮಟ್ಟ ಸ್ವಲ್ಪ ದಾಟಬಹುದು. ಉಳಿದ ಅಷ್ಟೂ ಎತ್ತರ ಗಾಳಿಯ ತಳ್ಳಾಟದ್ದು.

ಎಷ್ಟು ಏರುತ್ತದೆ ಅನ್ನುವುದು ಸಮುದ್ರದ ತಳ ಹೇಗಿದೆ ಅನ್ನುವುದರ ಮೇಲೆ ನಿಂತಿದೆ. ತೀರದ ಹತ್ತಿರವೇ ಆಳ ಇದ್ದರೆ ತಳ್ಳಿದ ನೀರು ಅಡಿಯಿಂದ ವಾಪಸ್ ಹರಿದುಹೋಗುತ್ತದೆ. ತಳ ಮೆಲ್ಲಗೆ ಇಳಿಜಾರಾಗಿ ಬಹಳ ದೂರದವರೆಗೆ ಸಮುದ್ರ ಆಳವಿಲ್ಲದಿದ್ದರೆ ನೀರಿಗೆ ವಾಪಸ್ ಹೋಗಲು ಜಾಗವೇ ಇಲ್ಲ, ಮೇಲೆ ಏರಲೇಬೇಕು. ಅದರ ಮೇಲೆ ತೀರ ಎರಡೂ ಕಡೆಯಿಂದ ಕಿರಿದಾಗುತ್ತಾ ಹೋದರೆ ನೀರು ಇನ್ನೂ ಒತ್ತಿಕೊಂಡು ಏರುತ್ತದೆ. ಬಂಗಾಳ ಕೊಲ್ಲಿಯ ಉತ್ತರದ ತುದಿಯಲ್ಲಿ ಇವೆಲ್ಲವೂ ಒಟ್ಟಿಗೆ ಇವೆ. ಆಳವಿಲ್ಲದ ಸಮುದ್ರ, ಕಿರಿದಾಗುವ ಕೊಲ್ಲಿ, ದೊಡ್ಡ ಉಬ್ಬರವಿಳಿತ, ಅದರಾಚೆ ಸಮುದ್ರ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರುವ, ಜನ ಕಿಕ್ಕಿರಿದಿರುವ ನೆಲ.

1970ರ ನವೆಂಬರ್ 12ರ ರಾತ್ರಿ ಭೋಲಾ ಚಂಡಮಾರುತ ಅಲ್ಲಿಗೇ ಬಂತು. ಆಗ ಅದು ಪೂರ್ವ ಪಾಕಿಸ್ತಾನ. ಸಮುದ್ರದ ಉಬ್ಬರದ ಹೊತ್ತಿಗೇ ಸರ್ಜ್ ಸೇರಿಕೊಂಡಿತು. ಮಲಗಿದ್ದ ಜನರ ಮೇಲೆ, ದ್ವೀಪಗಳ ಮೇಲೆ ಸಮುದ್ರ ಹರಿಯಿತು. ಕನಿಷ್ಠ 3 ಲಕ್ಷ ಜನ ಸತ್ತರು. 5 ಲಕ್ಷದವರೆಗೂ ಅಂದಾಜುಗಳಿವೆ. ಗಾಳಿಯ ವೇಗದ ಪಟ್ಟಿ ಮಾಡಿದರೆ ಭೋಲಾ ಮೊದಲ ಸಾಲಿನಲ್ಲಿ ಬರುವುದೇ ಇಲ್ಲ. ಆದರೂ ದಾಖಲೆಯಲ್ಲಿ ಅದರಷ್ಟು ಜೀವ ತೆಗೆದ ಚಂಡಮಾರುತ ಇನ್ನೊಂದಿಲ್ಲ.

‘ದುರ್ಬಲವಾಯಿತು’ ಅನ್ನುವ ಮಾತಿಗೆ ಕತ್ರಿನಾಗಿಂತ ದೊಡ್ಡ ಉತ್ತರ ಬೇಡ. 2005ರ ಆಗಸ್ಟ್ 28ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಅದು 5ನೇ ದರ್ಜೆಯಲ್ಲಿತ್ತು. ಮರುದಿನ ತೀರ ಮುಟ್ಟುವಾಗ 3ನೇ ದರ್ಜೆಗೆ ಇಳಿದಿತ್ತು. ಆದರೂ ಮಿಸಿಸಿಪಿ ತೀರದಲ್ಲಿ ನೀರು 8 ಮೀಟರ್‌ಗಿಂತ ಮೇಲೆ ಏರಿತು. ಕಾರಣ ಇಷ್ಟೇ: ಗಾಳಿ ಕೆಲವೇ ಗಂಟೆಗಳಲ್ಲಿ ಇಳಿಯಬಹುದು, ಆದರೆ ಅಷ್ಟು ಹೊತ್ತಿಗಾಗಲೇ ಅದು ತಳ್ಳಿಟ್ಟ ನೀರಿನ ರಾಶಿ ಹಾಗೆ ಕರಗುವುದಿಲ್ಲ. ಮೇಲಾಗಿ ಕತ್ರಿನಾ ತುಂಬಾ ಅಗಲವಾಗಿತ್ತು. ಅಗಲವಾದ ಚಂಡಮಾರುತ ಹೆಚ್ಚು ಸಮುದ್ರವನ್ನು ತಳ್ಳುತ್ತದೆ. ಒಂದು ಘನ ಮೀಟರ್ ನೀರು ಅಂದರೆ ಒಂದು ಟನ್ ಭಾರ. ಅಂಥ ಸಾವಿರಾರು ಟನ್ ಚಲಿಸುತ್ತಾ ಬಂದರೆ ಗಾಳಿಗೆ ಜಗ್ಗದ ಗೋಡೆಯೂ ಬೀಳುತ್ತದೆ.

1999ರ ಒಡಿಶಾ ಸೂಪರ್ ಸೈಕ್ಲೋನ್ ನಮ್ಮ ದೇಶದ ದೊಡ್ಡ ಗಾಯ. ಅಕ್ಟೋಬರ್ 29ರಂದು ಪಾರಾದೀಪ್ ಹತ್ತಿರ ತೀರಕ್ಕೆ ಬಂತು. ಗಾಳಿ ಗಂಟೆಗೆ ಸುಮಾರು 260 ಕಿ.ಮೀ. ಅದು ಬೇಗ ಒಳನಾಡಿಗೆ ಹೋಗಿ ಕರಗಲಿಲ್ಲ. ತೀರದ ಹತ್ತಿರವೇ ಒಂದು ದಿನಕ್ಕಿಂತ ಹೆಚ್ಚು ಕಾಲ ಕೂತುಬಿಟ್ಟಿತು. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಭಾಗದ ಹಳ್ಳಿಗಳ ಮೇಲೆ ಸಮುದ್ರ ಹರಿದುಹೋಯಿತು. ಸುಮಾರು 10 ಸಾವಿರ ಜನ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದಿದ್ದು ಸಮುದ್ರದ ನೀರು.

ಸರ್ಜ್ ಎಲ್ಲಾ ಕಡೆ ಸಮನಾಗಿ ಬರುವುದಿಲ್ಲ. ಇದು ಗೊತ್ತಿದ್ದರೆ ಬುಲೆಟಿನ್ ಓದುವ ರೀತಿಯೇ ಬದಲಾಗುತ್ತದೆ. ಉತ್ತರ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ. ಚಂಡಮಾರುತ ಸಾಗುವ ದಿಕ್ಕಿಗೆ ಮುಖ ಮಾಡಿ ನಿಂತರೆ, ಬಲಗಡೆ ಗಾಳಿಯೂ ಸಾಗುವ ವೇಗವೂ ಒಂದೇ ದಿಕ್ಕಿಗೆ ಸೇರುತ್ತವೆ. ಎಡಗಡೆ ಒಂದನ್ನೊಂದು ಕಳೆಯುತ್ತವೆ. ಹಾಗಾಗಿ ಬಲಬದಿ ಸಾಮಾನ್ಯವಾಗಿ ಹೆಚ್ಚು ಉಗ್ರ. ಒಡಿಶಾ, ಆಂಧ್ರದ ತೀರವನ್ನು ವಾಯವ್ಯಕ್ಕೆ ದಾಟುವ ಚಂಡಮಾರುತದಲ್ಲಿ ಬಲಬದಿ ಅಂದರೆ ಕೇಂದ್ರದಿಂದ ಈಶಾನ್ಯಕ್ಕಿರುವ ತೀರ. ಅಲ್ಲಿ ಗಾಳಿ ಸಮುದ್ರದಿಂದ ನೆಲದ ಕಡೆ ಬೀಸುತ್ತದೆ, ನೀರು ಒಳಗೆ ನುಗ್ಗುತ್ತದೆ. ಎಡಬದಿಯಲ್ಲಿ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸುತ್ತದೆ, ನೀರು ಹಿಂದೆ ಸರಿಯಲೂಬಹುದು. 2017ರಲ್ಲಿ ಇರ್ಮಾ ಬಂದಾಗ ಅಮೆರಿಕದ ಟ್ಯಾಂಪಾ ಕೊಲ್ಲಿಯಲ್ಲಿ ನೀರು ಹಿಂದಕ್ಕೆ ಹೋಗಿ ತಳದ ಕೆಸರು ಕಂಡಿತ್ತು. ಕುತೂಹಲಕ್ಕೆ ಜನ ಅಲ್ಲಿ ಇಳಿದು ನಡೆದರು. ಹಾಗೆ ಎಂದೂ ಮಾಡಬಾರದು. ಗಾಳಿ ದಿಕ್ಕು ಬದಲಿಸಿದ ಕೂಡಲೇ ಆ ನೀರು ವಾಪಸ್ ಬರುತ್ತದೆ.

ತೀರಕ್ಕೆ ಸಮಾನಾಂತರವಾಗಿ ಸಾಗುವ ಚಂಡಮಾರುತದ್ದು ಇನ್ನೊಂದು ಕಥೆ. 2021ರ ಮೇ ತಿಂಗಳ ತೌಕ್ತೆ ಅರಬ್ಬಿ ಸಮುದ್ರದಲ್ಲಿ ಲಕ್ಷದ್ವೀಪದಿಂದ ಉತ್ತರಕ್ಕೆ ಹೊರಟು ಕೇರಳ, ಕರ್ನಾಟಕ, ಗೋವಾ, ಮಹಾರಾಷ್ಟ್ರದ ತೀರಗಳನ್ನು ಬಲಗಡೆ ಇಟ್ಟುಕೊಂಡೇ ಸಾಗಿ, ಮೇ 17ರ ರಾತ್ರಿ ಗುಜರಾತಿನ ಉನಾ ಹತ್ತಿರ ತೀರ ದಾಟಿತು. ‘ಗುಜರಾತಿಗೆ ಅಪ್ಪಳಿಸಿದ ಚಂಡಮಾರುತ’ ಅಂತ ಅದನ್ನು ಕರೆಯುತ್ತೇವೆ. ಆದರೆ ದಾರಿಯುದ್ದಕ್ಕೂ ದಡ ಕೊರೆದು, ಮನೆ ಕೆಡವಿ ಹೋಗಿತ್ತು. ಮುಂಬೈ ತೀರದಾಚೆ ಸಮುದ್ರದಲ್ಲಿ ಬಾರ್ಜ್ (ಚಪ್ಪಟೆ ತಳದ ದೊಡ್ಡ ದೋಣಿ) ಮುಳುಗಿ ಹತ್ತಾರು ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಈಗ ಆಕಾಶದ ನೀರು. ಚಂಡಮಾರುತ ನೆಲಕ್ಕೆ ಬಂದ ಮೇಲೆ ನೀರಾವಿಯ ಪೂರೈಕೆ ನಿಲ್ಲುತ್ತದೆ, ಗಾಳಿ ಬೇಗ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಮೋಡಗಳಲ್ಲಿ ಹೊತ್ತು ತಂದ ನೀರು ಎಲ್ಲಾದರೂ ಸುರಿಯಲೇಬೇಕು. ಎಷ್ಟು ಸುರಿಯುತ್ತದೆ ಅನ್ನುವುದಕ್ಕೆ ಗಾಳಿಯ ವೇಗಕ್ಕಿಂತ ಚಂಡಮಾರುತ ಎಷ್ಟು ನಿಧಾನವಾಗಿ ಸಾಗುತ್ತದೆ ಅನ್ನುವುದು ಮುಖ್ಯ. 2017ರಲ್ಲಿ ಹಾರ್ವೆ ಟೆಕ್ಸಾಸ್‌ಗೆ ಬಂದು ನಿಂತಲ್ಲೇ ನಿಂತಿತು. ಗಾಳಿ ಇಳಿದು ಸಾಧಾರಣ ಬಿರುಗಾಳಿಯಾಗಿದ್ದರೂ ಕೆಲವು ದಿನಗಳಲ್ಲಿ ಕೆಲವೆಡೆ 1,500 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಸಿತು. ಮೇಲೆ ಹೇಳಿದ ಫ್ರೆಡ್ಡಿ ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿದ್ದು ಮಲಾವಿಯಲ್ಲಿ. ಆ ದೇಶಕ್ಕೆ ಸಮುದ್ರವೇ ಇಲ್ಲ! ಬ್ಲಾಂಟೈರ್ ನಗರದ ಸುತ್ತ ಗುಡ್ಡಗಳು ಕುಸಿದವು, ಮಣ್ಣು ನೀರು ಮನೆಗಳ ಮೇಲೆ ಬಂತು. ಸತ್ತವರು, ಕಾಣೆಯಾದವರು ಸೇರಿ ಸಾವಿರಕ್ಕೂ ಜಾಸ್ತಿ. ಆ ಹೊತ್ತಿಗೆ ಗಾಳಿಯ ಲೆಕ್ಕದಲ್ಲಿ ಫ್ರೆಡ್ಡಿ ದುರ್ಬಲವಾಗಿತ್ತು.

ಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಗಾಳಿಯ ವೇಗ ಎರಡರಷ್ಟಾದರೆ ಗೋಡೆಯ ಮೇಲೆ ಒತ್ತಡ ನಾಲ್ಕರಷ್ಟಾಗುತ್ತದೆ. ತಗಡು, ಹೆಂಚು ಹಾರಿ ಬಂದರೆ ಕತ್ತಿಯಂತೆ ಕೊಯ್ಯುತ್ತವೆ. ಕೇಂದ್ರ ನೇರವಾಗಿ ನಿಮ್ಮ ಮೇಲೆ ಬಂದರೆ ಒಮ್ಮೆಗೇ ಗಾಳಿ ನಿಂತು, ಬಾನು ತಿಳಿಯಾಗಬಹುದು. ಅದು ಚಂಡಮಾರುತದ ಕಣ್ಣು. ಮುಗಿಯಿತು ಅಂತ ಹೊರಗೆ ಬಂದವರ ಮೇಲೆ ಸ್ವಲ್ಪ ಹೊತ್ತಿನಲ್ಲೇ ಎದುರು ದಿಕ್ಕಿನಿಂದ ಅಷ್ಟೇ ಜೋರಾದ ಗಾಳಿ ಬೀಸುತ್ತದೆ. ಮೊದಲ ಗಾಳಿಗೆ ವಾಲಿದ್ದ ಮರ, ಕಂಬಗಳು ಬೀಳುವುದು ಆಗಲೇ.

ಆದರೂ ಗಾಳಿಯಿಂದ ಗಟ್ಟಿ ಕಟ್ಟಡದಲ್ಲಿ ಅಡಗಿ ಪಾರಾಗಬಹುದು. ಸಮುದ್ರದ ನೀರಿನಿಂದ ಪಾರಾಗಲು ಅಲ್ಲಿಂದ ಹೊರಡಲೇಬೇಕು, ಇಲ್ಲವೇ ಎತ್ತರಕ್ಕೆ ಹತ್ತಬೇಕು. 2013ರ ನವೆಂಬರ್‌ನಲ್ಲಿ ಹೈಯಾನ್ ಫಿಲಿಪ್ಪೀನ್ಸ್‌ನ ಟಕ್ಲೋಬಾನ್‌ಗೆ ಬಂದಾಗ, ಗಾಳಿಗೆ ಗಟ್ಟಿಯಾಗಿದ್ದ ಆಶ್ರಯ ಕೇಂದ್ರಗಳಲ್ಲಿ ಕೆಲವಕ್ಕೆ ಸಮುದ್ರವೇ ನುಗ್ಗಿತು. ಆ ದೇಶದಲ್ಲಿ 6,300 ಜನ ಸತ್ತರು. ಕಟ್ಟಡದ ಗೋಡೆ ಎಷ್ಟು ದಪ್ಪ ಅನ್ನುವಷ್ಟೇ ಮುಖ್ಯ ಅದರ ನೆಲ ಸಮುದ್ರ ಮಟ್ಟದಿಂದ ಎಷ್ಟು ಮೇಲಿದೆ ಅನ್ನುವುದು.

ಹೊರಟವರು ಉಳಿಯುತ್ತಾರೆ ಅನ್ನುವುದಕ್ಕೆ ಒಡಿಶಾವೇ ಸಾಕ್ಷಿ. 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಗಂಟೆಗೆ 200 ಕಿ.ಮೀ.ಗಿಂತ ಹೆಚ್ಚಿನ ಗಾಳಿಯೊಂದಿಗೆ ಗೋಪಾಲಪುರದ ಹತ್ತಿರ ಬಂತು. ಸುಮಾರು 10 ಲಕ್ಷ ಜನರನ್ನು ಮೊದಲೇ ಸಾಗಿಸಿದ್ದರು. ಸಾವಿನ ಸಂಖ್ಯೆ ಐವತ್ತು ದಾಟಲಿಲ್ಲ. ಫೋನಿಯಲ್ಲಿ ಸುಮಾರು 12 ಲಕ್ಷ ಜನರನ್ನು ಸಾಗಿಸಿದರು. ಒಡಿಶಾದಲ್ಲಿ ಸತ್ತವರು 64. ಅದೇ ರಾಜ್ಯ, ಅದೇ ಸಮುದ್ರ, 1999ರಲ್ಲಿ 10 ಸಾವಿರ. ಸೈಕ್ಲೋನ್ ಶೆಲ್ಟರ್‌ಗಳು, ಹಳ್ಳಿಯ ಸ್ವಯಂಸೇವಕರು, ಸರಿಯಾದ ಮುನ್ಸೂಚನೆ, ಅದನ್ನು ನಂಬಿದ ಜನ, ಇವೆಲ್ಲ ಸೇರಿ ಈ ವ್ಯತ್ಯಾಸ ಮಾಡಿವೆ. ಬಾಂಗ್ಲಾದೇಶವೂ ಭೋಲಾದ ನಂತರ ಇದೇ ದಾರಿ ಹಿಡಿದು ಲಕ್ಷಾಂತರ ಜೀವ ಉಳಿಸಿಕೊಂಡಿದೆ.

‘ಹೋದ ಸಲ ಸುಮ್ನೆ ಓಡಿಸಿದರು, ಏನೂ ಆಗಲಿಲ್ಲ’ ಅನ್ನುವ ಮಾತು ತೀರದಲ್ಲಿ ಸಾಮಾನ್ಯ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಮನೆ, ದನಕರು, ದೋಣಿ, ಬಲೆ ಎಲ್ಲ ಬಿಟ್ಟು ಹೋಗುವುದು ಸುಲಭವಲ್ಲ. ಆದರೆ ಮೇಲೆ ಹೇಳಿದ 80 ಕಿ.ಮೀ. ಲೆಕ್ಕ ನೆನಪಿಡಿ. ಸರ್ಜ್ ಎಲ್ಲಿಗೆ ಬರುತ್ತದೆ ಅಂತ ಮೀಟರ್ ಲೆಕ್ಕದಲ್ಲಿ ಹೇಳಲು ಆಗದಿರುವಾಗ, ಬರಬಹುದಾದ ಎಲ್ಲಾ ಊರುಗಳನ್ನೂ ಖಾಲಿ ಮಾಡಿಸಬೇಕು. ಅವುಗಳಲ್ಲಿ ಕೆಲವಕ್ಕೆ ನೀರು ಬರುವುದಿಲ್ಲ. ಅದು ಮುನ್ಸೂಚನೆ ಸೋತಿದ್ದಲ್ಲ.

ಸಮುದ್ರ ಬಿಸಿಯಾಗುತ್ತಿರುವುದರಿಂದ ಮುಂದೆ ಇದೆಲ್ಲ ಹೆಚ್ಚಾಗುತ್ತದಾ ಅಂತಲೂ ನೀವು ಕೇಳಬಹುದು. ಚಂಡಮಾರುತಗಳ ಒಟ್ಟು ಸಂಖ್ಯೆ ಏರುತ್ತದೆ ಅಂತ ಹೇಳಲಾಗದು. ಆದರೆ ಜಗತ್ತಿನಲ್ಲಿ ತೀರಾ ಬಲವಾದವುಗಳ ಪಾಲು ಹೆಚ್ಚುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು, ಹಾಗಾಗಿ ಮಳೆ ಜಾಸ್ತಿ. ಸಮುದ್ರ ಮಟ್ಟ ಏರಿದಷ್ಟೂ ಸರ್ಜ್ ಇನ್ನೂ ಒಳಗೆ ಬರುತ್ತದೆ.

ಮುಂದಿನ ಸಲ ಬುಲೆಟಿನ್ ಬಂದಾಗ ಗೆರೆಯನ್ನು ಒಮ್ಮೆ ನೋಡಿ, ಆಮೇಲೆ ಕೆಳಗಿನ ಸಾಲುಗಳನ್ನು ಓದಿ. ಹವಾಮಾನ ಇಲಾಖೆ ನಾಲ್ಕು ಹಂತದಲ್ಲಿ ಹೇಳುತ್ತದೆ. ಸುಮಾರು 72 ಗಂಟೆ ಮುಂಚೆ ಮೊದಲ ಸೂಚನೆ, 48 ಗಂಟೆ ಮುಂಚೆ ಹಳದಿ ಎಚ್ಚರಿಕೆ, 24 ಗಂಟೆ ಮುಂಚೆ ಕಿತ್ತಳೆ, ಕೊನೆಯ 12 ಗಂಟೆಯಲ್ಲಿ ಕೆಂಪು. ನಿಮ್ಮ ಜಿಲ್ಲೆಯ ಹೆಸರು ಎಲ್ಲಿದೆ, ಸರ್ಜ್ ಎಷ್ಟು ಮೀಟರ್ ಅಂತ ಹೇಳಿದ್ದಾರೆ, ಆ ಹೊತ್ತಿಗೆ ಉಬ್ಬರ ಇದೆಯಾ, ಚಂಡಮಾರುತ ಗಂಟೆಗೆ ಎಷ್ಟು ಕಿ.ಮೀ. ಸಾಗುತ್ತಿದೆ, ನೀವು ಅದರ ಬಲಬದಿಯಲ್ಲಿದ್ದೀರಾ ಅಂತ ಹುಡುಕಿ. ಸಾಗುವ ವೇಗ ಗಂಟೆಗೆ 5-6 ಕಿ.ಮೀ.ಗೆ ಇಳಿದಿದ್ದರೆ ಮಳೆಗೆ ಹೆದರಬೇಕು, ನೀವು ತೀರದಿಂದ ದೂರ ಇದ್ದರೂ ಸರಿ. ಸರ್ಜ್‌ನ ಅಂದಾಜನ್ನು, ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಮಾಡೆಲ್‌ಗಳೂ ಕೊಡುತ್ತವೆ. ಬುಲೆಟಿನ್‌ನಲ್ಲಿ ಅದು ಒಂದೇ ಸಾಲು ಇರಬಹುದು. ತೀರದಲ್ಲಿ ಇರುವವರಿಗೆ ಇಡೀ ಬುಲೆಟಿನ್‌ನಲ್ಲಿ ಅದಕ್ಕಿಂತ ದೊಡ್ಡ ಸಾಲಿಲ್ಲ.

ತೀರ ದಾಟಿದ ಸುದ್ದಿ ಬಂದ ಮೇಲೆ ತಕ್ಷಣ ಮನೆಗೆ ವಾಪಸ್ ಹೋಗಬೇಡಿ. ಮೇಲಿನ ಜಿಲ್ಲೆಗಳಲ್ಲಿ ಸುರಿದ ಮಳೆ ನದಿಗಳಲ್ಲಿ ಇಳಿದು ಬರಲು ಒಂದೆರಡು ದಿನ ಬೇಕು. ತೀರದ ಹಳ್ಳಿಗೆ ಎರಡನೇ ನೆರೆ ಬರುವುದು ಹಾಗೆ. ಬಿದ್ದ ವಿದ್ಯುತ್ ತಂತಿಗಳು ನಿಂತ ನೀರಿನಲ್ಲಿ ಕಾಣುವುದಿಲ್ಲ. ಸರ್ಜ್ ಬಂದ ಊರಿನ ಬಾವಿ, ಕೆರೆಯ ನೀರು ಉಪ್ಪಾಗಿರುತ್ತದೆ, ಕೊಳೆತಿರುತ್ತದೆ, ಕುದಿಸಿದರೂ ಉಪ್ಪು ಹೋಗುವುದಿಲ್ಲ. 2009ರ ಐಲಾ ಚಂಡಮಾರುತದಲ್ಲಿ ಸುಂದರಬನದ ಒಡ್ಡುಗಳು ಒಡೆದು ಉಪ್ಪುನೀರು ನುಗ್ಗಿದ ಗದ್ದೆಗಳಲ್ಲಿ ವರ್ಷಗಟ್ಟಲೆ ಸರಿಯಾಗಿ ಭತ್ತ ಬೆಳೆಯಲಿಲ್ಲ. ಎಷ್ಟೋ ಕುಟುಂಬಗಳು ಊರು ಬಿಟ್ಟು ಕೂಲಿಗೆ ಹೋದವು. ಹಾನಿಯ ಲೆಕ್ಕ ಹಾಕುವವರು ತೀರ ದಾಟಿದ ವಾರದಲ್ಲೇ ಲೆಕ್ಕ ಮುಗಿಸಿಬಿಡುತ್ತಾರೆ. ಆ ಗದ್ದೆಗಳ ನಷ್ಟ ಅದರಲ್ಲಿ ಸೇರುವುದೇ ಇಲ್ಲ. ಪರಿಹಾರದ ಪಟ್ಟಿ ಮಾಡುವಾಗ ಮಣ್ಣಿನ ಉಪ್ಪನ್ನೂ ಅಳೆಯಿರಿ ಅಂತ ನಿಮ್ಮ ಪಂಚಾಯಿತಿಯನ್ನು ಕೇಳಿ.